ಕ್ಯಾಲಿಫೋರ್ನಿಯಾದಲ್ಲಿ ಮನೆ ಡೆಪಾಸಿಟ್‌ಗಾಗಿ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದ ಅನುಭವ

ಕಳೆದ ವಾರ ಚೆಕ್ ಬ್ಯಾಂಕಿನಲ್ಲಿ ಪಾಸಾಯಿತು. ಕೇಸು ಮುಗಿಯಿತು. ಫೈಲು ಇನ್ನೂ ಮೇಜಿನ ಮೇಲೇ ಇದೆ. ತಾರೀಖು, ಖರ್ಚು, ಯಾರು ಏನು ಹೇಳಿದರು ಅನ್ನೋದೆಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮ ಪರಿಚಯದ ಎಷ್ಟೋ ಕನ್ನಡದವರು ಮನೆ ಖಾಲಿ ಮಾಡುವಾಗ ಡೆಪಾಸಿಟ್ ಕಳೆದುಕೊಂಡು ಸುಮ್ಮನಾಗಿದ್ದಾರೆ. "ಹೋಗಲಿ ಬಿಡು, ಕೋರ್ಟು ಕಚೇರಿ ಯಾರಿಗೆ ಬೇಕು" ಅನ್ನೋ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಊರಿಂದ ಮಾವನವರು ಫೋನಿನಲ್ಲಿ "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಮ್ಮ, ಪರದೇಶ ಬೇರೆ, ಯಾಕೆ ಬೇಕು" ಅಂದರು. ಅವರು ಜಮೀನಿನ ವ್ಯಾಜ್ಯವೊಂದರಲ್ಲಿ ವರ್ಷಗಟ್ಟಲೆ ತಾಲೂಕಿನ ಕೋರ್ಟಿಗೆ ಅಲೆದವರು. ಅವರ ಭಯ ಸುಳ್ಳಲ್ಲ. ಆದರೆ ಇಲ್ಲಿನ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ವ್ಯಾಜ್ಯಗಳನ್ನು ವಕೀಲರಿಲ್ಲದೆ ಕೇಳುವ ಈ ಚಿಕ್ಕ ಕೋರ್ಟು ನಡೆಯುವ ರೀತಿ ಬೇರೆ.

ನಾವು 2019ರಿಂದ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಡೆಪಾಸಿಟ್ 3,200 ಡಾಲರ್. 2024ರ ಕೊನೆಗೆ ಮನೆ ಖಾಲಿ ಮಾಡಿದೆವು. ಎರಡು ದಿನ ಕೂತು ಒಲೆ, ಬಾತ್‌ರೂಮು, ಫ್ರಿಜ್ಜು ಎಲ್ಲ ತೊಳೆದು, ಪ್ರತಿ ಕೋಣೆಯ ಫೋಟೋ ಮತ್ತು ವಿಡಿಯೋ ತೆಗೆದು, ಬೀಗದ ಕೈ ಕೊಟ್ಟು ಬಂದೆವು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಕಳೆದುಕೊಂಡು ಅಭ್ಯಾಸ ಇದ್ದವರಿಗೆ ಸ್ವಲ್ಪ ಹಣ ಹೋಗುವುದು ಹೊಸದೇನಲ್ಲ, ಅಲ್ವಾ. ಇಲ್ಲೂ ನೂರಿನ್ನೂರು ಹೋದೀತು ಅಂದುಕೊಂಡಿದ್ದೆವು.

ಮೂರು ವಾರ ಕಳೆಯಿತು, ಏನೂ ಬರಲಿಲ್ಲ. ನಾಲ್ಕನೆಯ ವಾರವೂ ಮುಗಿಯುತ್ತಾ ಬಂತು. ಆಮೇಲೆ ಬಂದದ್ದು ಚೆಕ್ಕಲ್ಲ, ಒಂದು ಪಟ್ಟಿ. ಕಾರ್ಪೆಟ್ ಬದಲಿಸಲು 2,150, ಪೇಂಟಿಂಗ್ 900, ಕ್ಲೀನಿಂಗ್ 350, ಕಿಟಕಿಯ ಬ್ಲೈಂಡ್ಸ್ 200. ಒಟ್ಟು 3,600. ಅಂದರೆ ಡೆಪಾಸಿಟ್ ಪೂರ್ತಿ ಹೋಯಿತು, ಮೇಲೆ ನಾವೇ 400 ಡಾಲರ್ ಕೊಡಬೇಕಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡಿಗಿಂತ, ನಾವು ಮನೆ ಕೊಳಕು ಮಾಡಿ ಬಿಟ್ಟುಹೋದವರು ಅನ್ನುವ ಹಾಗೆ ಬರೆದಿದ್ದರಲ್ಲ, ಅದು ಚುಚ್ಚಿತು.

ಇಲ್ಲಿ ಮೊದಲ ಕಿವಿಮಾತು. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಖೇ ನಮ್ಮ ಕೇಸಿನ ಬೆನ್ನೆಲುಬಾಯಿತು.

ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ನಲ್ಲಿ 1950.5 ಅಂತ ಒಂದು ಸೆಕ್ಷನ್ ಇದೆ. ಬಾಡಿಗೆ ಡೆಪಾಸಿಟ್ ಬಗ್ಗೆ ಇರುವ ನಿಯಮಗಳೆಲ್ಲ ಅದರಲ್ಲೇ ಸಿಗುತ್ತವೆ. ಮನೆ ಖಾಲಿ ಮಾಡಿದ 21 ದಿನಗಳ ಒಳಗೆ ಓನರ್ ಡೆಪಾಸಿಟ್ ವಾಪಸ್ ಕೊಡಬೇಕು, ಇಲ್ಲ ಯಾವುದಕ್ಕೆ ಎಷ್ಟು ಹಿಡಿದುಕೊಂಡೆ ಅಂತ ಲೆಕ್ಕ ಕಳಿಸಬೇಕು. ರಿಪೇರಿ ಮತ್ತು ಕ್ಲೀನಿಂಗ್ ಸೇರಿ 125 ಡಾಲರ್ ದಾಟಿದರೆ ಬಿಲ್ಲು, ರಸೀದಿಗಳ ಪ್ರತಿ ಜೊತೆಗಿರಬೇಕು. ಕೆಲಸ ಇನ್ನೂ ಮುಗಿದಿಲ್ಲ ಅಂದರೆ ಅಂದಾಜು ಮೊತ್ತ ಕಳಿಸಬಹುದು, ಆದರೆ ಮುಗಿದ 14 ದಿನಗಳೊಳಗೆ ರಸೀದಿ ಕೊಡಬೇಕು. ದಿನಬಳಕೆಯಲ್ಲಿ ಆಗುವ ಸಹಜ ಸವೆತಕ್ಕೆ ದುಡ್ಡು ಕೇಳುವ ಹಾಗಿಲ್ಲ. ಹಿಡಿದುಕೊಂಡ ಮೊತ್ತ ನ್ಯಾಯವಾದದ್ದು ಅಂತ ತೋರಿಸುವ ಹೊಣೆಯೂ ಓನರ್‌ದೇ. ದುರುದ್ದೇಶದಿಂದ ಹಿಡಿದುಕೊಂಡಿದ್ದರೆ ಜಡ್ಜು ಡೆಪಾಸಿಟ್‌ನ ಎರಡು ಪಟ್ಟಿನವರೆಗೆ ಹೆಚ್ಚುವರಿಯಾಗಿ ಕೊಡಿಸಬಹುದು.

ನಮಗೆ ಬಂದ ಪಟ್ಟಿ ತಡವಾಗಿತ್ತು. ಒಂದು ರಸೀದಿಯೂ ಇರಲಿಲ್ಲ. ಹಾಗಾದರೆ 21 ದಿನ ತಪ್ಪಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಇಂಟರ್ನೆಟ್ಟಿನಲ್ಲಿ ಉತ್ತರ ಹುಡುಕಿದಾಗ ತಲೆ ಕೆಟ್ಟುಹೋಯಿತು. ಬಾಡಿಗೆದಾರರ ಪರ ಬರೆಯುವ ವಕೀಲರೆಲ್ಲ "ಗಡುವು ತಪ್ಪಿತಾ, ಪೂರ್ತಿ ಡೆಪಾಸಿಟ್ ನಿಮ್ಮದೇ" ಅಂತ ಬರೆದಿದ್ದರು. ಓನರ್‌ಗಳ ಪರ ಇರುವವರು "ಗಡುವು ತಪ್ಪಿದರೂ ನಷ್ಟದ ಹಣ ವಸೂಲಿ ಮಾಡಬಹುದು" ಅಂತ ಬರೆದಿದ್ದರು. ಇಬ್ಬರೂ ತೋರಿಸುತ್ತಿದ್ದದ್ದು ಒಂದೇ ತೀರ್ಪನ್ನು. ಗ್ರ್ಯಾನ್‌ಬೆರಿ ವರ್ಸಸ್ ಇಸ್ಲೇ ಇನ್ವೆಸ್ಟ್‌ಮೆಂಟ್ಸ್, ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, 1995.

ಅದನ್ನೇ ಓದಿಬಿಡೋಣ ಅಂತ ತೀರ್ಮಾನ ಮಾಡಿದೆ. ಈ ಇಡೀ ಓಡಾಟದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟ ಕೆಲಸ ಅದೇ. ಗೂಗಲ್ ಸ್ಕಾಲರ್‌ನಲ್ಲಿ "ಕೇಸ್ ಲಾ" ಅಂತ ಆರಿಸಿಕೊಂಡು ಹೆಸರು ಹಾಕಿದರೆ ತೀರ್ಪು ಪುಕ್ಕಟೆ ಸಿಗುತ್ತದೆ. ಹೆಸರಿನ ಪಕ್ಕ 9 ಕ್ಯಾಲ್. 4ತ್ 738 ಅಂತ ಇರುತ್ತದೆ. ತೀರ್ಪುಗಳ ಸಂಪುಟಮಾಲೆಯ ನಾಲ್ಕನೆಯ ಸರಣಿ, 9ನೇ ಸಂಪುಟ, 738ನೇ ಪುಟ ಅಂತ ಅರ್ಥ. ಭಾಷೆ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಎರಡು ಸಲ ಓದಿದರೆ ಹಿಡಿತಕ್ಕೆ ಬರುತ್ತದೆ.

ಆ ಕೇಸಿನಲ್ಲಿ ಓನರ್ ಮೊದಲ ತಿಂಗಳ ಬಾಡಿಗೆಯನ್ನು ಉಳಿದ ತಿಂಗಳುಗಳಿಗಿಂತ ಜಾಸ್ತಿ ಇಟ್ಟಿದ್ದರು. ಆ ಜಾಸ್ತಿ ಹಣ ನಿಜಕ್ಕೂ ಡೆಪಾಸಿಟ್ಟೇ, ಅದನ್ನು ನಮಗೆ ವಾಪಸ್ ಕೊಡಿ ಅಂತ ಬಾಡಿಗೆದಾರರು ಕೇಸು ಹಾಕಿದ್ದರು. ಆಗ ಗಡುವು ಎರಡು ವಾರ ಇತ್ತು, ಈಗ 21 ದಿನ. ಕೋರ್ಟು ಹೇಳಿದ್ದು ಎರಡು ಮಾತು. ಗಡುವಿನೊಳಗೆ ಲೆಕ್ಕ ಕೊಡದ ಓನರ್ ಡೆಪಾಸಿಟ್‌ನಲ್ಲಿ ಒಂದು ಪೈಸೆಯನ್ನೂ ತಾನಾಗಿ ಹಿಡಿದುಕೊಳ್ಳುವ ಹಕ್ಕು ಕಳೆದುಕೊಳ್ಳುತ್ತಾನೆ, ಪೂರ್ತಿ ವಾಪಸ್ ಕೊಡಬೇಕು. ಇದು ಮೊದಲನೆಯದು. ಆದರೆ ದುರುದ್ದೇಶ ಇಲ್ಲದೆ ಗಡುವು ತಪ್ಪಿದ ಓನರ್‌ಗೆ ನಿಜವಾದ ನಷ್ಟ ಆಗಿದ್ದರೆ, ಬಾಡಿಗೆ ಬಾಕಿ ಇದ್ದರೆ, ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಿ ಅಷ್ಟು ಹಣವನ್ನು ವಾಪಸ್ ಕೊಡಬೇಕಾದ ಡೆಪಾಸಿಟ್‌ನಿಂದ ಕಳೆಯಿಸಿಕೊಳ್ಳಬಹುದು. ಇದು ಎರಡನೆಯದು. ಎರಡೂ ಕಡೆಯ ವಕೀಲರು ತಮಗೆ ಬೇಕಾದ ಅರ್ಧವನ್ನು ಮಾತ್ರ ಎತ್ತಿ ಬರೆದಿದ್ದರು ಅಂತ ಆಗ ಗೊತ್ತಾಯಿತು. ಬರೀ ಮೊದಲನೆಯ ಅರ್ಧ ನಂಬಿಕೊಂಡು ಹೋಗಿದ್ದರೆ, ಗಡುವಿನ ತಾರೀಖು ಹೇಳಿ ಸುಮ್ಮನೆ ಕೂರುತ್ತಿದ್ದೆವು. ಎರಡನ್ನೂ ಓದಿದ್ದರಿಂದ ಕಾರ್ಪೆಟ್, ಪೇಂಟ್, ಕ್ಲೀನಿಂಗ್ ಒಂದೊಂದಕ್ಕೂ ಉತ್ತರ ತಯಾರು ಮಾಡಿಕೊಂಡೆವು.

ತೀರ್ಪು ಹುಡುಕುವವರಿಗೆ ಇನ್ನೊಂದು ಮಾತು. ಕೆಲವು ತೀರ್ಪುಗಳ ಮೇಲೆ ಅಧಿಕೃತ ಸಂಪುಟಗಳಲ್ಲಿ ಪ್ರಕಟಿಸುವಂಥದ್ದಲ್ಲ ಅಂತ ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ಕೋರ್ಟುಗಳ ನಿಯಮ 8.1115ರ ಪ್ರಕಾರ ಅಂಥವನ್ನು ಸಾಮಾನ್ಯವಾಗಿ ಆಧಾರವಾಗಿ ತೋರಿಸುವ ಹಾಗಿಲ್ಲ. ಓದಿ ತಿಳಿದುಕೊಳ್ಳಬಹುದು, ಅಷ್ಟೇ. ಹಾಗೆಯೇ ಬೇರೆ ರಾಜ್ಯದ ತೀರ್ಪು ಇಲ್ಲಿನ ಜಡ್ಜನ್ನು ಕಟ್ಟಿಹಾಕುವುದಿಲ್ಲ. ಟೆಕ್ಸಾಸಿನಲ್ಲಿರುವ ಸ್ನೇಹಿತರು "ನಮ್ಮಲ್ಲಿ 30 ದಿನ" ಅಂದರೆ ಅದು ಅವರ ರಾಜ್ಯದ ಕಾನೂನು. ಬಾಡಿಗೆ ವಿಷಯದಲ್ಲಿ ಒಂದೊಂದು ರಾಜ್ಯಕ್ಕೂ ಅದರದ್ದೇ ಲೆಕ್ಕ.

ಇನ್ನು ವೀಸಾ ಭಯ. ನನ್ನ ಗಂಡ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ, ನಾನು ಅವರ ಹೆಂಡತಿಯಾಗಿ ಎಚ್-4 ವೀಸಾದಲ್ಲಿ ಇದ್ದೇವೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದೇವೆ. "ಕೋರ್ಟಿಗೆ ಹೋದರೆ ರೆಕಾರ್ಡ್ ಆಗುತ್ತೆ, ಸುಮ್ನೆ ತೊಂದರೆ" ಅಂತ ಹೇಳದವರೇ ಇಲ್ಲ. ಸ್ಮಾಲ್ ಕ್ಲೇಮ್ಸ್ ಅನ್ನೋದು ಸಿವಿಲ್ ವ್ಯವಹಾರ, ಕ್ರಿಮಿನಲ್ ಅಲ್ಲ. ಬೆರಳಚ್ಚು ಇಲ್ಲ, ಪೊಲೀಸರಿಲ್ಲ. ಅರ್ಜಿಯಲ್ಲಿ ಎಲ್ಲೂ ವೀಸಾ ಬಗ್ಗೆ ಕೇಳುವುದಿಲ್ಲ. ಜೊತೆಗೆ ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಜಾರಿಯಲ್ಲಿರುವ ಕಾನೂನೊಂದು, ಹಕ್ಕು ಕೇಳಿದ ಬಾಡಿಗೆದಾರನಿಗೆ "ನಿನ್ನ ಬಗ್ಗೆ ಇಮಿಗ್ರೇಶನ್‌ಗೆ ಹೇಳುತ್ತೇನೆ" ಅಂತ ಓನರ್ ಬೆದರಿಸುವುದನ್ನು ನಿಷೇಧಿಸುತ್ತದೆ. ನಮಗೆ ಅಂಥ ಬೆದರಿಕೆ ಬರಲಿಲ್ಲ. ಆದರೆ ಈ ಹೆದರಿಕೆಯಿಂದಲೇ ಹಣ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕೇಸು ಹಾಕುವ ಮುಂಚೆ ಹಣ ಕೇಳಿರಬೇಕು, ಅದು ಕಡ್ಡಾಯ. ಅರ್ಜಿಯಲ್ಲೇ ಆ ಪ್ರಶ್ನೆ ಇದೆ. ಒಂದು ಪುಟದ ಪತ್ರ ಬರೆದೆವು. ಖಾಲಿ ಮಾಡಿದ ತಾರೀಖು, ಪಟ್ಟಿ ಅಂಚೆಗೆ ಬಿದ್ದ ತಾರೀಖು, ಸೆಕ್ಷನ್ ನಂಬರ್, ಇಂಥ ದಿನದೊಳಗೆ 3,200 ಡಾಲರ್ ಕಳಿಸಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ. ಬೈಗುಳ ಇಲ್ಲ, ಅಳು ಇಲ್ಲ. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ಸ್ವೀಕೃತಿ ಚೀಟಿ ಇಟ್ಟುಕೊಂಡೆವು. ಉತ್ತರ ಬರಲಿಲ್ಲ.

ಆಮೇಲೆ ಅರ್ಜಿ, ಎಸ್‌ಸಿ-100. ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. 2024ಕ್ಕೆ ಮುಂಚೆ ಈ ಮಿತಿ 10,000 ಇತ್ತು. ಶುಲ್ಕ 1,500 ಡಾಲರ್‌ವರೆಗಿನ ಕ್ಲೇಮಿಗೆ 30, 5,000ದವರೆಗೆ 50, ಅದಕ್ಕಿಂತ ಮೇಲೆ 75. ನಾವು ಡೆಪಾಸಿಟ್ ಜೊತೆಗೆ ದುರುದ್ದೇಶದ ಎರಡು ಪಟ್ಟನ್ನೂ ಸೇರಿಸಿ 9,600 ಕೇಳಿದೆವು, ಹಾಗಾಗಿ 75 ಕಟ್ಟಿದೆವು. ಆದಾಯ ಕಡಿಮೆ ಇರುವವರು ಎಫ್‌ಡಬ್ಲ್ಯು-001 ಅರ್ಜಿ ಹಾಕಿದರೆ ಶುಲ್ಕ ಮನ್ನಾ ಆಗಬಹುದು. 2,500 ಡಾಲರ್‌ಗಿಂತ ಜಾಸ್ತಿ ಮೊತ್ತದ ಕೇಸನ್ನು ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡೇ ಸಲ ಹಾಕಬಹುದು. ಇಂಗ್ಲಿಷ್ ಕಷ್ಟ ಅನ್ನುವ ಅಪ್ಪ ಅಮ್ಮಂದಿರು ಯಾರಾದರೂ ಕೇಸಿನಲ್ಲಿದ್ದರೆ ಐಎನ್‌ಟಿ-300 ಅರ್ಜಿ ಹಾಕಿ ದುಭಾಷಿ ಬೇಕು ಅಂತ ಮೊದಲೇ ಕೇಳಿ. ಕನ್ನಡಕ್ಕೆ ಹುಡುಕಲು ಅವರಿಗೂ ಸಮಯ ಬೇಕು.

ಅರ್ಜಿ ತುಂಬುವಾಗ ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಯಾರ ಮೇಲೆ ಕೇಸು? ಲೀಸಿನಲ್ಲಿ ಸಹಿ ಮಾಡಿದ್ದು ಒಂದು ಮ್ಯಾನೇಜ್‌ಮೆಂಟ್ ಕಂಪನಿ. ಕಟ್ಟಡದ ಒಡೆತನ ಎಲ್‌ಎಲ್‌ಸಿ ಅನ್ನುವ ಬಗೆಯ ಬೇರೊಂದು ಕಂಪನಿಯದು. ಬೋರ್ಡಿನ ಮೇಲಿದ್ದ ಹೆಸರು ಇವೆರಡೂ ಅಲ್ಲ, ಅದು ಅಪಾರ್ಟ್‌ಮೆಂಟಿನ ಹೆಸರು ಅಷ್ಟೇ. ಹೆಸರು ತಪ್ಪಾದರೆ ಗೆದ್ದರೂ ದುಡ್ಡು ವಸೂಲಿ ಮಾಡಲು ಆಗುವುದಿಲ್ಲ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆಸ್ತಿ ದಾಖಲೆಯಲ್ಲಿ ಮಾಲೀಕರ ಹೆಸರು ನೋಡಿ, ಆಮೇಲೆ ಕ್ಯಾಲಿಫೋರ್ನಿಯಾ ಸೆಕ್ರೆಟರಿ ಆಫ್ ಸ್ಟೇಟ್‌ನ ಬಿಜ್‌ಫೈಲ್ ತಾಣದಲ್ಲಿ ಆ ಕಂಪನಿಯ ಸರಿಯಾದ ಹೆಸರು, ಅದರ ಪರವಾಗಿ ಕೋರ್ಟಿನ ಕಾಗದ ತೆಗೆದುಕೊಳ್ಳುವ ಏಜೆಂಟ್ ಯಾರು ಅಂತ ಹುಡುಕಿದೆವು. ಇದು ಪುಕ್ಕಟೆ. ಇಬ್ಬರ ಮೇಲೂ ಕೇಸು ಹಾಕಿ, ಎರಡನೆಯವರ ಹೆಸರಿಗೆ ಎಸ್‌ಸಿ-100ಎ ಸೇರಿಸಿದೆವು. ಪ್ರತಿ ಕೌಂಟಿಯಲ್ಲೂ ಸ್ಮಾಲ್ ಕ್ಲೇಮ್ಸ್ ಸಲಹೆಗಾರರ ಸೇವೆ ಇರುತ್ತದೆ, ಅದಕ್ಕೂ ದುಡ್ಡಿಲ್ಲ. ಅಲ್ಲಿದ್ದ ಹೆಂಗಸು ತಾಳ್ಮೆಯಿಂದ ನಮ್ಮ ಅರ್ಜಿ ಓದಿ, "ಲೀಸಿನಲ್ಲಿ ನಿಮ್ಮಿಬ್ಬರ ಹೆಸರೂ ಇದೆಯಲ್ಲ, ಇಬ್ಬರೂ ಅರ್ಜಿದಾರರಾಗಿ" ಅಂದರು. ದಯವಿಟ್ಟು ಈ ಸೇವೆ ಉಪಯೋಗಿಸಿಕೊಳ್ಳಿ.

ವಿಚಾರಣೆಯ ದಿನಾಂಕ ಸಿಕ್ಕಿತು. ಕಾನೂನಿನ ಪ್ರಕಾರ 20ರಿಂದ 70 ದಿನಗಳ ನಡುವೆ ಕೊಡಬೇಕು, ನಮ್ಮದು 70ಕ್ಕೆ ಹತ್ತಿರ ಇತ್ತು.

ಅತಿ ಹೆಚ್ಚು ಕಾಡಿದ್ದು ಸರ್ವಿಸ್, ಅಂದರೆ ಎದುರಾಳಿಗೆ ಕೋರ್ಟಿನ ಕಾಗದ ತಲುಪಿಸುವ ಕೆಲಸ. ನಾವೇ ಹೋಗಿ ಕೊಡುವ ಹಾಗಿಲ್ಲ. 18 ವರ್ಷ ದಾಟಿದ, ಕೇಸಿಗೆ ಸಂಬಂಧ ಇಲ್ಲದ ಯಾರಾದರೂ ಕೊಡಬಹುದು. ಅದೇ ಕೌಂಟಿಯಾದರೆ ವಿಚಾರಣೆಗೆ ಕನಿಷ್ಠ 15 ದಿನ ಮೊದಲು, ಬೇರೆ ಕೌಂಟಿಯಾದರೆ 20 ದಿನ ಮೊದಲು ಕೈಗೆ ತಲುಪಿರಬೇಕು. ಕೋರ್ಟಿನ ಕ್ಲರ್ಕೇ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸುವ ವ್ಯವಸ್ಥೆ ಇದೆ, ಒಬ್ಬರಿಗೆ 15 ಡಾಲರ್. ಅಗ್ಗ ಮತ್ತು ಸುಲಭ ಅಂತ ಅದನ್ನೇ ಆರಿಸಿದೆವು. ಮ್ಯಾನೇಜ್‌ಮೆಂಟ್ ಕಂಪನಿ ಸಹಿ ಹಾಕಿದ ಸ್ವೀಕೃತಿ ಚೀಟಿ ಸರಿಯಾಗಿ ಬಂತು. ಎಲ್‌ಎಲ್‌ಸಿಯ ಚೀಟಿಯಲ್ಲಿ ಯಾರದೋ ಗೀಚಿದ ಸಹಿ, ಹೆಸರೇ ಓದಲು ಬರಲಿಲ್ಲ.

ವಿಚಾರಣೆಯ ದಿನ ಗಂಡ ರಜೆ ಹಾಕಿ, ಮಗಳನ್ನು ಸ್ನೇಹಿತೆಯ ಮನೆಯಲ್ಲಿ ಬಿಟ್ಟು, ಫೈಲು ಹಿಡಿದು ಹೋದೆವು. ಜಡ್ಜು ಚೀಟಿ ನೋಡಿ, ಏಜೆಂಟೇ ಸಹಿ ಮಾಡಿದ್ದು ಅಂತ ಹೇಳಲು ಆಗುವುದಿಲ್ಲ ಅಂದರು. ಎಲ್‌ಎಲ್‌ಸಿ ಕಡೆಯಿಂದ ಯಾರೂ ಬಂದಿರಲಿಲ್ಲ. ಕೇಸು ಮುಂದಕ್ಕೆ ಹೋಯಿತು. ಹೊರಗೆ ಬಂದು ಕಾರಿನಲ್ಲಿ ಕೂತಾಗ ಮಾವನವರ ಗಾದೆ ನಿಜವಾಗುತ್ತದೇನೋ ಅನ್ನಿಸಿ ಕಣ್ಣು ತುಂಬಿ ಬಂತು. ಗಂಡ ಮಾತ್ರ "ಹೊಸ ತಾರೀಖು ಕೊಟ್ಟಿದ್ದಾರಲ್ಲ, ಮುಗೀತು ಅಂದಿಲ್ಲವಲ್ಲ" ಅಂದರು. ಆಮೇಲೆ 110 ಡಾಲರ್ ಕೊಟ್ಟು ಪ್ರೊಸೆಸ್ ಸರ್ವರ್, ಅಂದರೆ ಕೋರ್ಟಿನ ಕಾಗದ ತಲುಪಿಸುವುದನ್ನೇ ವೃತ್ತಿ ಮಾಡಿಕೊಂಡವರೊಬ್ಬರನ್ನು ಹಿಡಿದೆವು. ಅವರು ಏಜೆಂಟಿನ ಕೈಗೇ ಕೊಟ್ಟು, ಕಾಗದ ತಲುಪಿಸಿದ್ದಕ್ಕೆ ಪುರಾವೆಯಾದ ಎಸ್‌ಸಿ-104 ತುಂಬಿ ಸಹಿ ಹಾಕಿ ಕೊಟ್ಟರು. ಅದನ್ನು ವಿಚಾರಣೆಗೆ ಕನಿಷ್ಠ ಐದು ದಿನ ಮೊದಲು ಕೋರ್ಟಿಗೆ ಸಲ್ಲಿಸಬೇಕು. ಎದುರಾಳಿ ಕಂಪನಿ ಆಗಿದ್ದರೆ ನನ್ನ ಸಲಹೆ ಇಷ್ಟೇ, ಮೊದಲ ಸಲವೇ ಪ್ರೊಸೆಸ್ ಸರ್ವರ್ ಹತ್ತಿರ ಹೋಗಿ. ಗೆದ್ದರೆ ಆ ಖರ್ಚು ವಾಪಸ್ ಕೇಳಬಹುದು.

ಕಾಯುವ ಆ ದಿನಗಳಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಒಂದು ಬೆಳಿಗ್ಗೆ ಸುಮ್ನೆ ಹೋಗಿ ಬೇರೆಯವರ ವಿಚಾರಣೆ ನೋಡಿ ಬಂದದ್ದು. ವಿಚಾರಣೆಗಳು ಬಹಿರಂಗವಾಗಿ ನಡೆಯುತ್ತವೆ. ಹಿಂದೆ ಬೆಂಚಿನ ಮೇಲೆ ಕೂತು ಯಾರು ಬೇಕಾದರೂ ನೋಡಬಹುದು. ಅಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಫೋಟೋ ತೋರಿಸಲು ಹೋಗಿ ಸ್ಕ್ರಾಲ್ ಮಾಡುತ್ತಲೇ ಇದ್ದ, ಅವನ ಸಮಯವೆಲ್ಲ ಅದರಲ್ಲೇ ಹೋಯಿತು. ಪಾಪ ಅನ್ನಿಸಿತು. ಎಲ್ಲವನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದು ಮೂರು ಪ್ರತಿ ಮಾಡಿ. ಜಡ್ಜಿಗೊಂದು, ಎದುರಾಳಿಗೊಂದು, ನಮಗೊಂದು. ಮೊದಲ ಪುಟದಲ್ಲಿ ಬರೀ ತಾರೀಖುಗಳು. ಬಂದ ದಿನ, ಖಾಲಿ ಮಾಡಿದ ದಿನ, 21ನೇ ದಿನ, ಅಂಚೆ ಮುದ್ರೆಯ ದಿನ.

ಎರಡನೆಯ ಸಲ ಹೋದಾಗ ಹಾಲ್ ತುಂಬಿತ್ತು. ಎಲ್ಲರಿಗೂ ಒಟ್ಟಿಗೆ ಪ್ರಮಾಣ ಮಾಡಿಸಿದರು. ಒಳಗೆ ಹೋಗುವ ಮೊದಲು ಎದುರಾಳಿಯ ಜೊತೆ ಮಾತಾಡಿ ರಾಜಿ ಮಾಡಿಕೊಳ್ಳುತ್ತೀರಾ ಅಂತ ಕೇಳುತ್ತಾರೆ. ಮ್ಯಾನೇಜರ್ 1,000 ಡಾಲರ್ ಕೊಡುತ್ತೇವೆ ಅಂದರು. ಬೇಡ ಅಂದೆವು. ಅವತ್ತು ಕೂತಿದ್ದು ತಾತ್ಕಾಲಿಕ ಜಡ್ಜು, ಅಂದರೆ ಅನುಭವಿ ವಕೀಲರೊಬ್ಬರು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅವರು ಕೇಸು ಕೇಳಬಹುದು. ಒಪ್ಪದಿದ್ದರೆ ಬೇರೆ ದಿನ ಬರಬೇಕಾಗಬಹುದು. ನಾವು ಒಪ್ಪಿದೆವು. ಈ ಕೋರ್ಟಿನಲ್ಲಿ ಯಾರೂ ವಕೀಲರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆ ಕಡೆ ಕಂಪನಿಯ ಮ್ಯಾನೇಜರ್, ಈ ಕಡೆ ನಾವಿಬ್ಬರು. ಇಬ್ಬರಿಗೂ ಒಂದೇ ಅಳತೆ ಅನ್ನಿಸಿದಾಗ ಕೈನಡುಕ ಸ್ವಲ್ಪ ನಿಂತಿತು.

ಜಡ್ಜು ಮೊದಲು ಕೇಳಿದ್ದೇ ತಾರೀಖು. ಲಕೋಟೆ ಕೊಟ್ಟೆ. ಅದನ್ನು ತಿರುಗಿಸಿ ನೋಡಿ ಮ್ಯಾನೇಜರ್ ಕಡೆಗೆ ಚಾಚಿ, "ಇದು ನಿಮ್ಮ ಆಫೀಸಿನದೇನಾ?" ಅಂದರು. ಅವರು ಹೌದು ಅಂದರು. ಹಬ್ಬದ ರಜೆ ಇತ್ತು, ಸಿಬ್ಬಂದಿ ಕಡಿಮೆ ಇದ್ದರು ಅಂದರು. ಜಡ್ಜು ರಸೀದಿ ಕೇಳಿದರು. ಮ್ಯಾನೇಜರ್ ಹತ್ತಿರ ಕಾರ್ಪೆಟ್ಟಿನ ಒಂದು ಅಂದಾಜು ಪಟ್ಟಿ ಮಾತ್ರ ಇತ್ತು. ಕಾರ್ಪೆಟ್ ಎಷ್ಟು ಹಳೆಯದು ಅಂದರೆ ಗೊತ್ತಿಲ್ಲ.

ಇಲ್ಲಿ ನಾನು ತಯಾರಿ ಮಾಡಿಕೊಂಡದ್ದು ಕೆಲಸಕ್ಕೆ ಬಂತು. ಕ್ಯಾಲಿಫೋರ್ನಿಯಾ ಸರ್ಕಾರದ ಬಾಡಿಗೆದಾರರ ಕೈಪಿಡಿಯಲ್ಲಿ ಒಂದು ಉದಾಹರಣೆ ಇದೆ. ಹತ್ತು ವರ್ಷ ಬಾಳಿಕೆಯ ಕಾರ್ಪೆಟ್ ಎಂಟು ವರ್ಷ ಹಳೆಯದಾಗಿದ್ದು, ಬಾಡಿಗೆದಾರ ಅದನ್ನು ಪೂರ್ತಿ ಹಾಳು ಮಾಡಿದ್ದರೂ, ಹೊಸದಕ್ಕೆ 1,000 ಡಾಲರ್ ಆಗುತ್ತದೆ ಅಂದರೆ ಅವನಿಂದ ಕೇಳಬಹುದಾದದ್ದು ಬರೀ 200. ಉಳಿದ ಎರಡು ವರ್ಷದ ಬೆಲೆ ಮಾತ್ರ. ಆ ಪುಟ ಕೊಟ್ಟು, ನಾವು 2019ರಲ್ಲಿ ಬಂದಾಗಲೇ ಕಾರ್ಪೆಟ್ ಹೊಸದಾಗಿರಲಿಲ್ಲ ಅಂತ ಆಗಿನ ಫೋಟೋ ತೋರಿಸಿದೆ. ಗ್ರ್ಯಾನ್‌ಬೆರಿ ತೀರ್ಪಿನ ಗುರುತು ಹಾಕಿದ ಪುಟವನ್ನೂ ಕೊಟ್ಟೆ. ಜಡ್ಜಿಗೆ ಆ ಕೇಸು ಗೊತ್ತಿತ್ತು. "ಇದರ ಎರಡನೆಯ ಭಾಗವನ್ನೂ ಓದಿದ್ದೀರಾ?" ಅಂತ ಕೇಳಿದರು. ಓದಿದ್ದೇನೆ, ಅದಕ್ಕೇ ಬ್ಲೈಂಡ್ಸ್ ಬಗ್ಗೆ ನಾವು ವಾದ ಮಾಡುವುದಿಲ್ಲ, ಮಗಳು ಚಿಕ್ಕವಳಿದ್ದಾಗ ಎಳೆದು ಒಂದು ಮುರಿದಿತ್ತು, ಉಳಿದ ಕಾರ್ಪೆಟ್, ಪೇಂಟಿಂಗ್, ಕ್ಲೀನಿಂಗ್ ಮೂರಕ್ಕೂ ಅವರ ಬಳಿ ದಾಖಲೆ ಇಲ್ಲ ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ. ತೀರ್ಪು ಅಂಚೆಯಲ್ಲಿ ಬರುತ್ತದೆ ಅಂದರು.

ಕೆಲವು ವಾರಗಳ ನಂತರ ಎಸ್‌ಸಿ-130, ಅಂದರೆ ತೀರ್ಪು ತಿಳಿಸುವ ಕಾಗದ, ಬಂತು. ಅಸಲು 3,000, ಖರ್ಚು 215. ದುರುದ್ದೇಶದ ದಂಡ ಏನೂ ಕೊಟ್ಟಿರಲಿಲ್ಲ. ಕಾರಣ ಬರೆದಿರಲಿಲ್ಲ, ಬರೀ ಅಂಕಿ. ಆದರೆ ಲೆಕ್ಕ ನಮಗೆ ಅರ್ಥವಾಯಿತು. 3,200ರಲ್ಲಿ ಬ್ಲೈಂಡ್ಸಿನ 200 ಕಳೆದಿದ್ದಾರೆ. ಮೇಲೆ ಅರ್ಜಿಯ 75, ಎರಡು ಸರ್ಟಿಫೈಡ್ ಮೇಲ್‌ಗೆ 30, ಪ್ರೊಸೆಸ್ ಸರ್ವರ್ 110. ಗ್ರ್ಯಾನ್‌ಬೆರಿಯ ಎರಡೂ ಭಾಗ ಒಂದೇ ಕಾಗದದಲ್ಲಿ ಇಳಿದು ಬಂದಿತ್ತು. ದಂಡ ಸಿಗಲಿಲ್ಲ ಅಂತ ಗಂಡನಿಗೆ ಬೇಜಾರಾಯಿತು. ರಸೀದಿ ಒಂದೂ ಇಲ್ಲದೆ 3,600ರ ಪಟ್ಟಿ ಕಳಿಸುವುದು ಬರೀ ತಡ ಅಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅರ್ಜಿ ಹಾಕಿದವರಿಗೆ ತಮ್ಮ ಕ್ಲೇಮಿನ ತೀರ್ಪಿನ ಮೇಲೆ ಮೇಲ್ಮನವಿ ಹಕ್ಕು ಇಲ್ಲ. ಎದುರಾಳಿಗೆ ಮಾತ್ರ 30 ದಿನ ಇರುತ್ತದೆ. ಅವರು ಮೇಲ್ಮನವಿ ಹಾಕಿದರೆ ಇನ್ನೊಬ್ಬ ಜಡ್ಜಿನ ಮುಂದೆ ಇಡೀ ಕೇಸು ಹೊಸದಾಗಿ ನಡೆಯುತ್ತದೆ, ಆಗ ವಕೀಲರೂ ಬರಬಹುದು. ಆ 30 ದಿನ ನಾವು ಅಂಚೆ ಪೆಟ್ಟಿಗೆ ನೋಡುತ್ತಲೇ ಇದ್ದೆವು. ಅವರು ಹಾಕಲಿಲ್ಲ.

ಹಣವನ್ನೂ ಕಳಿಸಲಿಲ್ಲ. ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕೋರ್ಟು ತೀರ್ಪು ಕೊಡುತ್ತದೆ, ದುಡ್ಡು ವಸೂಲಿ ಮಾಡಿಕೊಡುವುದಿಲ್ಲ. ಅದು ಗೆದ್ದವರ ಕೆಲಸ. ಸೋತವರು ಹಣ ಕೊಡದೆ, ಮೇಲ್ಮನವಿಯೂ ಹಾಕದೆ ಇದ್ದರೆ 30 ದಿನದೊಳಗೆ ತಮ್ಮ ಆಸ್ತಿ ವಿವರವನ್ನು ಎಸ್‌ಸಿ-133ರಲ್ಲಿ ತುಂಬಿ ನಮಗೆ ಕಳಿಸಬೇಕು. ಅದೂ ಬರಲಿಲ್ಲ. ಹಾಗಾದಾಗ ಎಸ್‌ಸಿ-134 ಹಾಕಿ ಅವರನ್ನು ಕೋರ್ಟಿಗೆ ಕರೆಸಿ ಪ್ರಶ್ನೆ ಕೇಳಬಹುದು. ನಾವು ಬೇರೆ ದಾರಿ ಹಿಡಿದೆವು, ಯಾಕೆಂದರೆ ಅವರ ಬ್ಯಾಂಕ್ ಯಾವುದು ಅಂತ ನಮಗೆ ಗೊತ್ತಿತ್ತು. ಹಿಂದೆ ಬಾಡಿಗೆಗೆ ಕೊಟ್ಟ ಚೆಕ್ಕುಗಳ ಚಿತ್ರ ನಮ್ಮ ಬ್ಯಾಂಕಿನ ತಾಣದಲ್ಲಿ ಸಿಗುತ್ತದೆ, ಹಿಂಬದಿಯಲ್ಲಿ ಅವರು ಜಮೆ ಮಾಡಿದ ಬ್ಯಾಂಕಿನ ಗುರುತು ಇರುತ್ತದೆ. ಬಾಡಿಗೆ ಚೆಕ್ಕಿನಲ್ಲಿ ಕಟ್ಟಿದ್ದವರು ಈಗಲೇ ಆ ಚಿತ್ರಗಳನ್ನು ಇಳಿಸಿಟ್ಟುಕೊಳ್ಳಿ. ಬ್ಯಾಂಕ್ ಖಾತೆ ಮುಚ್ಚಿದರೆ ಆಮೇಲೆ ಸಿಗುವುದು ಕಷ್ಟ.

ಇಜೆ-130 ಅನ್ನುವ ರಿಟ್ಟಿಗೆ, ಅಂದರೆ ತೀರ್ಪಿನ ಹಣ ವಸೂಲಿಗೆ ಕೋರ್ಟು ಕೊಡುವ ಆದೇಶಕ್ಕೆ, 40 ಡಾಲರ್ ಕಟ್ಟಿದೆವು. ಅದನ್ನು ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಆಫೀಸಿಗೆ ಕೊಟ್ಟರೆ ಅವರು ಬ್ಯಾಂಕಿನಿಂದ ಹಣ ಹಿಡಿಯಬಹುದು, ಅದಕ್ಕೆ ಬೇರೆ ಶುಲ್ಕ. ತೀರ್ಪಿನ ಹಣಕ್ಕೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಇದೆ, ನಮ್ಮ ಮೊತ್ತಕ್ಕೆ ದಿನಕ್ಕೆ ಸುಮಾರು 88 ಸೆಂಟ್. ಬಡ್ಡಿ ಮತ್ತು ಹೊಸ ಖರ್ಚನ್ನು ಎಂಸಿ-012ರಲ್ಲಿ ತೋರಿಸಿ ಸೇರಿಸಬಹುದು. ಶೆರಿಫ್ ಹತ್ತಿರ ಹೋಗುವ ಮುನ್ನ ರಿಟ್ಟಿನ ಪ್ರತಿ ಮತ್ತು ಈ ಲೆಕ್ಕವನ್ನು ಮ್ಯಾನೇಜ್‌ಮೆಂಟ್ ಕಂಪನಿಗೆ ಒಂದು ಪತ್ರದ ಜೊತೆ ಕಳಿಸಿದೆವು. ಅದಕ್ಕೆ ಉತ್ತರ ಬೇಗ ಬಂತು, ಚೆಕ್ಕಿನ ರೂಪದಲ್ಲಿ, ಬಡ್ಡಿ ಮತ್ತು ರಿಟ್ಟಿನ 40 ಡಾಲರ್ ಸೇರಿಸಿ. ಕೊಡದೇ ಹೋಗಿದ್ದರೂ ತೀರ್ಪು ಹತ್ತು ವರ್ಷ ಜೀವಂತ ಇರುತ್ತದೆ, ನವೀಕರಿಸಲೂ ಬಹುದು. ಹಾಗಾಗಿ ಎದುರಾಳಿ ಎಳೆದಾಡಿದರೆ ಎದೆಗುಂದಬೇಡಿ.

ಈಗ ಮನೆ ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಕಾನೂನು ಇನ್ನೂ ಅನುಕೂಲವಾಗಿದೆ. 2024ರ ಜುಲೈ 1ರಿಂದ ಹೆಚ್ಚಿನ ಓನರ್‌ಗಳು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವ ಹಾಗಿಲ್ಲ. 2025ರ ಏಪ್ರಿಲ್ 1ರಿಂದ, ಬಾಡಿಗೆದಾರ ಖಾಲಿ ಮಾಡಿದ ಮೇಲೆ ಓನರ್‌ಗಳು ಮನೆಯ ಫೋಟೋ ತೆಗೆಯಲೇಬೇಕು. ಅದೇ ವರ್ಷ ಜುಲೈ 1ರಿಂದ ಶುರುವಾದ ಬಾಡಿಗೆಗಳಿಗೆ, ಒಳಗೆ ಬರುವ ಮೊದಲಿನ ಫೋಟೋ ಕೂಡ. ನಾವು ಖಾಲಿ ಮಾಡಿದಾಗ ಫೋಟೋ ನಿಯಮ ಜಾರಿಗೆ ಬಂದಿರಲಿಲ್ಲ. ಖಾಲಿ ಮಾಡುವ ಮೊದಲಿನ ಎರಡು ವಾರದಲ್ಲಿ ಓನರ್‌ನಿಂದ ಒಂದು ಪೂರ್ವ ತಪಾಸಣೆ ಕೇಳುವ ಹಕ್ಕೂ ಇದೆ. ಏನೇನು ಸರಿ ಮಾಡಬೇಕು ಅಂತ ಅವರು ಆಗಲೇ ಬರೆದುಕೊಡಬೇಕು, ನಾವೇ ಸರಿ ಮಾಡಿಸಿಕೊಳ್ಳಬಹುದು. ಅದನ್ನು ತಪ್ಪದೆ ಕೇಳಿ.

ಹಣ ಪೂರ್ತಿ ಬಂದ ಮೇಲೆ ಗೆದ್ದವರ ಪಾಲಿಗೆ ಒಂದು ಕೆಲಸ ಉಳಿಯುತ್ತದೆ. ಎಸ್‌ಸಿ-290 ತುಂಬಿ, ಬಾಕಿ ಏನೂ ಇಲ್ಲ ಅಂತ ಕೋರ್ಟಿಗೆ ತಿಳಿಸಬೇಕು. ಅದಕ್ಕೆ ಚೆಕ್ ಪಾಸಾಗುವವರೆಗೆ ಕಾಯಿರಿ, ಕೈಗೆ ಬಂದ ಕೂಡಲೇ ಸಹಿ ಹಾಕಬೇಡಿ. ನಾವು ಮೊನ್ನೆ ಸೋಮವಾರ ಸಲ್ಲಿಸಿ, ಮುದ್ರೆ ಹಾಕಿದ ಪ್ರತಿ ತೆಗೆದುಕೊಂಡು ಬಂದೆವು.